ಮನಸೂರೆಗೊಂಡವರು ಯಾರು, ಕಳೆದುಕೊಂಡವರು ಯಾರು?

ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವ ಮುಗಿದ ಮರುದಿನ ಉಡುಪಿಯಿಂದ ಬರುವ ವರದಿಗಳನ್ನು ನೋಡಿ, ದಸರೆಯ ಹೊತ್ತಿಗೆ ಮಂಗಳೂರಿನಿಂದ ಬರುವವನ್ನೂ ನೋಡಿ. ಹುಲಿವೇಷದ ಸುದ್ದಿ ಇದ್ದಲ್ಲಿ ‘ಮನಸೂರೆ’ ಇದ್ದೇ ಇರುತ್ತದೆ. ಆದರೆ ಈ ಒಂದು ಪದ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ರೂಪ ತಾಳುತ್ತದೆ. ‘ಹುಲಿವೇಷ ಜನರ ಮನಸೂರೆಗೊಂಡಿತು’ ಎಂದು ಒಬ್ಬರು ಬರೆದರೆ, ‘ಜನರನ್ನು ಮನಸೂರೆಗೊಳಿಸಿತು’ ಎಂದು ಇನ್ನೊಬ್ಬರು. ಮತ್ತೊಬ್ಬರ ಬರಹದಲ್ಲಿ ‘ಹುಲಿವೇಷ ಕಂಡು ಜನ ಮನಸೂರೆಗೊಂಡರು’ ಎಂದಿರುತ್ತದೆ. ವರದಿ ತಿದ್ದುವುದೇ ನನ್ನ ಕೆಲಸ. ಹೊಸದಾಗಿ ಸೇರಿದವರು ಕೇಳುತ್ತಾರೆ: ‘ಮೂರರಲ್ಲೂ ಅರ್ಥ ಗೊತ್ತಾಗ್ತದಲ್ಲ ಸರ್, ತಿದ್ದುವುದು ಎಂತಕ್ಕೆ?’ ಅರ್ಥ ಗೊತ್ತಾಗುತ್ತದೆ, ನಿಜ. ಆದರೆ ಮೂರನೆಯ ವಾಕ್ಯದಲ್ಲಿ ತೆಗೆದುಕೊಂಡವರು ಯಾರು, ಕಳೆದುಕೊಂಡವರು ಯಾರು ಎಂಬುದೇ ಅದಲುಬದಲಾಗಿದೆ. ಈ ಕ್ರಿಯಾಪದದ ಜೀವ ಇರುವುದೇ ಆ ವ್ಯತ್ಯಾಸದಲ್ಲಿ.

ಪದವನ್ನು ಬಿಡಿಸಿದರೆ ಮೂರು ತುಂಡು ಸಿಗುತ್ತವೆ: ಮನ, ಸೂರೆ, ಕೊಳ್ಳು. ಸೂರೆ ಎಂದರೆ ಲೂಟಿ, ಕೊಳ್ಳೆ. ಹಳಗನ್ನಡದಲ್ಲಿ ಇದನ್ನು ಶಕಟರೇಫ, ಅಂದರೆ ಹಳೆಯ ಱ ಅಕ್ಷರ ಹಾಕಿ ‘ಸೂಱೆ’ ಎಂದು ಬರೆಯುತ್ತಿದ್ದರು. 1894ರಲ್ಲಿ ಇದೇ ಮಂಗಳೂರಿನಿಂದ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲರ ನಿಘಂಟಿನಂಥ ಹಳೆಯ ಕೋಶಗಳಲ್ಲಿ ಇಂಥ ಪದ ಹುಡುಕುವಾಗ ರ, ಱ ಎರಡರ ಕೆಳಗೂ ನೋಡುವುದು ಒಳ್ಳೆಯದು. ತಮಿಳಿನಲ್ಲಿ ಇದರ ಬಳಗದ ಪದ ‘ಸೂಱೈ’. ಅಲ್ಲಿ ಅದಕ್ಕೆ ಕೊಳ್ಳೆ ಎಂಬ ಅರ್ಥದ ಜೊತೆಗೆ ಸುಂಟರಗಾಳಿ ಎಂಬ ಅರ್ಥವೂ ಇದೆ. ಬಂದ ವೇಗಕ್ಕೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗುವುದು ಎಂಬ ಭಾವ ಎರಡರಲ್ಲೂ ಒಂದೇ.

ಇನ್ನು ‘ಕೊಳ್ಳು’. ಇವತ್ತು ಕೊಳ್ಳುವುದು ಎಂದರೆ ದುಡ್ಡು ಕೊಟ್ಟು ಪಡೆಯುವುದು. ಹಳೆಯ ‘ಕೊಳ್’ಗೆ ಆ ಸಂಕೋಚ ಇರಲಿಲ್ಲ, ಹಿಡಿ, ವಶಮಾಡಿಕೋ, ಕಸಿದುಕೋ ಎಂಬುದೆಲ್ಲ ಅದರ ಹೊಟ್ಟೆಯೊಳಗಿತ್ತು. ನಮ್ಮ ವೀರಗಲ್ಲುಗಳ ಶಾಸನಗಳಲ್ಲಿ ‘ತುಱುಗೊಳ್’ ಎಂಬ ಮಾತು ಬರುತ್ತದೆ. ತುಱು ಎಂದರೆ ದನ. ಶತ್ರುಗಳು ಬಂದು ಊರಿನ ದನ ಹೊಡೆದುಕೊಂಡು ಹೋಗುವುದೇ ತುಱುಗೊಳ್. ಅವನ್ನು ಬಿಡಿಸಲು ಹೋಗಿ ಸತ್ತವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ‘ಸೂಱೆಗೊಳ್’ ಹುಟ್ಟಿದ್ದು ಆ ಲೋಕದಲ್ಲೇ. ಅದರ ಹಿಂದೆ ಕುದುರೆ, ಕತ್ತಿ, ಹೊತ್ತಿ ಉರಿವ ಮನೆ ಇವೆ. ಅಂಥ ಪದದ ಮುಂದೆ ‘ಮನ’ ಎಂದು ಸೇರಿಸಿ, ಸಂಗೀತ ಕೇಳಿದಾಗಿನ ಸುಖವನ್ನು ಹೇಳಲು ಹೊರಟ ಕನ್ನಡಿಗರ ಧೈರ್ಯ ಸಣ್ಣದಲ್ಲ.

ಕೊಳ್ಳು ಎಂಬುದು ಗೊಳ್ಳು ಆದದ್ದು ಶಾಲೆಯಲ್ಲಿ ಕಲಿತ ಆದೇಶ ಸಂಧಿಯಿಂದ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆಯೇ ಇದು. ಮನವನ್ನು ಸೂರೆಗೊಳ್ಳು ಎಂದು ಬಿಡಿಸಬಹುದಾದ್ದರಿಂದ ಇಡೀ ಪದ ಕ್ರಿಯಾಸಮಾಸ. ಕೈಹಿಡಿ, ಮೈಮರೆ, ಕಣ್ತೆರೆ ಇವುಗಳ ಸಾಲಿನದು. ಇಲ್ಲೊಂದು ಕಾಗುಣಿತದ ಮಾತು ಹೇಳಿಬಿಡುತ್ತೇನೆ. ಕೆಲವರು ‘ಮನಸ್ಸೂರೆಗೊಂಡಿತು’ ಎಂದು ಸಕಾರಕ್ಕೆ ಒತ್ತು ಕೊಡುತ್ತಾರೆ. ಅವರ ಕಿವಿಗೆ ಇದು ‘ಮನಸ್ಸು’ ಮತ್ತು ‘ಊರೆ’ ಎಂದು ಕೇಳಿಸಿರಬೇಕು. ಇಲ್ಲಿರುವುದು ಮನ, ಅದರ ಪಕ್ಕದ ಸಕಾರ ಸೂರೆಯದ್ದು. ಮನಸೆಳೆ, ಮನಸೋಲು ಇವೂ ಹೀಗೆಯೇ. ‘ಮನ ಸೂರೆಗೊಂಡಿತು’ ಎಂದು ಬಿಡಿಸಿ ಬರೆದರೂ ಸರಿ, ಕೂಡಿಸಿ ಬರೆದರೂ ಸರಿ.

ಈಗ ಮೂಲ ಪ್ರಶ್ನೆಗೆ ಬರೋಣ. ‘ಗೊಂಡಿತು’ ಸರಿಯೋ, ‘ಗೊಳಿಸಿತು’ ಸರಿಯೋ?

ಗೊಂದಲಕ್ಕೆ ಕಾರಣ ಬರೆಯುವವರ ಉದಾಸೀನ ಅಲ್ಲ. ಕನ್ನಡದಲ್ಲಿ ‘ಗೊಳ್ಳು’ ಎಂಬ ಬಾಲ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಗಾಬರಿಗೊಳ್ಳು, ಬೆರಗುಗೊಳ್ಳು, ರೋಮಾಂಚನಗೊಳ್ಳು, ಪೂರ್ಣಗೊಳ್ಳು ಇವನ್ನು ನೋಡಿ. ಇಲ್ಲಿ ಕರ್ತೃವಿಗೇ ಏನೋ ಆಗುತ್ತದೆ. ಮಗು ಗಾಬರಿಗೊಂಡಿತು ಎಂದರೆ ಗಾಬರಿ ಆದದ್ದು ಮಗುವಿಗೆ. ಬೇರೆ ಯಾರಾದರೂ ಅದನ್ನು ಉಂಟುಮಾಡಿದರೆ ಆಗ ‘ಇಸು’ ಪ್ರತ್ಯಯ ಬೇಕು: ಪಟಾಕಿ ಮಗುವನ್ನು ಗಾಬರಿಗೊಳಿಸಿತು. ಕಾಮಗಾರಿ ಪೂರ್ಣಗೊಂಡಿತು; ಗುತ್ತಿಗೆದಾರ ಅದನ್ನು ಪೂರ್ಣಗೊಳಿಸಿದ. ದಿನವಿಡೀ ನಾವು ಆಡುವ, ಬರೆಯುವ ಗೊಳ್ಳು-ಗೊಳಿಸು ಜೋಡಿಗಳಲ್ಲಿ ಬಹುಪಾಲು ಈ ಬಗೆಯವು. ಹಾಗಾಗಿ ಕೈಗೆ ಇದೇ ಅಭ್ಯಾಸವಾಗಿದೆ. ಪ್ರೇಕ್ಷಕರಿಗೆ ಏನೋ ಆಯಿತು, ಅದನ್ನು ಮಾಡಿಸಿದ್ದು ಹುಲಿವೇಷ, ಆದ್ದರಿಂದ ‘ಮನಸೂರೆಗೊಳಿಸಿತು’. ಮಂತ್ರಮುಗ್ಧಗೊಳಿಸಿತು ಎನ್ನುವುದಿಲ್ಲವೇ, ಹಾಗೆ.

ಆದರೆ ಸೂರೆಗೊಳ್ಳು ಆ ಬಗೆಯದಲ್ಲ. ಇದು ಕೈಗೊಳ್ಳು, ಒಳಗೊಳ್ಳು, ಹಳೆಯ ತುಱುಗೊಳ್ ಇವುಗಳ ಕಡೆಯದು. ಇಲ್ಲಿ ‘ಕೊಳ್’ ತನ್ನ ಮೂಲ ಅರ್ಥದಲ್ಲೇ ಇದೆ: ಕರ್ತೃ ತಾನೇ ಕೈಚಾಚಿ ಬೇರೊಂದನ್ನು ತೆಗೆದುಕೊಳ್ಳುತ್ತದೆ. ಕಾರ್ಯ ಕೈಗೊಂಡ ಎನ್ನುತ್ತೇವೆ. ಕಾರ್ಯ ಕೈಗೊಳಿಸಿದ ಎಂದರೆ ಬೇರೆಯವರಿಂದ ಮಾಡಿಸಿದ ಎಂದಾಗುತ್ತದೆ. ಅದೇ ಲೆಕ್ಕದಲ್ಲಿ ‘ಸೂರೆಗೊಳಿಸಿತು’ ಎಂದರೆ ಯಾರಿಂದಲೋ ಸೂರೆ ಮಾಡಿಸಿತು ಎಂದರ್ಥ. ಹುಲಿವೇಷ ಹಾಗೇನೂ ಮಾಡಿಸುವುದಿಲ್ಲ. ತಾಸೆ ಎಂಬ ಚರ್ಮವಾದ್ಯದ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುತ್ತ ತಾನೇ ಬಂದು ತೆಗೆದುಕೊಂಡು ಹೋಗುತ್ತದೆ. ಅದಕ್ಕೇ ‘ಮನಸೂರೆಗೊಂಡಿತು’. ‘ಜನ ಮನಸೂರೆಗೊಂಡರು’ ಎಂದು ಬರೆದರೆ ಜನರೇ ಹೋಗಿ ಯಾರದ್ದೋ ಮನಸ್ಸನ್ನು ದೋಚಿದ ಹಾಗಾಗುತ್ತದೆ.

‘ಗೊಳಿಸು’ ಈಗ ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಎಷ್ಟು ಹರಡಿದೆಯೆಂದರೆ ಅದನ್ನು ಬರಿಯ ತಪ್ಪು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕನ್ನಡದಲ್ಲೇ ಅದಕ್ಕೆ ಹತ್ತಿರದ ಮಾದರಿಯೊಂದಿದೆ: ಕಂಗೊಳಿಸು. ಕಣ್ ಮತ್ತು ಕೊಳ್ ಸೇರಿ ಆದ ಈ ಪದದ ಒಳಗಿರುವುದೂ ಕಣ್ಣನ್ನು ಹಿಡಿದುಕೊಳ್ಳುವ ಭಾವವೇ. ರಥಬೀದಿ ದೀಪಗಳಿಂದ ಕಂಗೊಳಿಸಿತು ಎಂದು ‘ಇಸು’ ಹಚ್ಚಿಯೇ ಹೇಳುತ್ತೇವೆ. ‘ಕಂಗೊಂಡಿತು’ ಎಂದು ಈಗ ಯಾರೂ ಹೇಳುವುದಿಲ್ಲ. ಬಳಕೆ ಗಟ್ಟಿಯಾದರೆ ವ್ಯಾಕರಣ ಹಿಂದೆ ಸರಿದು ದಾರಿ ಬಿಡುತ್ತದೆ. ಆದರೂ ಸೂರೆಯ ವಿಷಯದಲ್ಲಿ ನಾನು ‘ಗೊಂಡಿತು’ ಎಂದೇ ತಿದ್ದುತ್ತೇನೆ. ಸೂರೆಯ ಅರ್ಥ ಓದುಗರ ಕಿವಿಯಲ್ಲಿ ಇನ್ನೂ ಬದುಕಿದೆ, ‘ಮನೆ ಸೂರೆಹೋಯಿತು’ ಎಂದರೆ ತಿಳಿಯದವರಿಲ್ಲ. ಅರ್ಥ ಬದುಕಿರುವಷ್ಟು ದಿನ ರೂಪವನ್ನೂ ಉಳಿಸಿಕೊಳ್ಳುವುದು ನ್ಯಾಯ.

ಸೂರೆ ಯಾರದ್ದು ಎಂಬುದರಿಂದ ವಿಭಕ್ತಿಯೂ ತೀರ್ಮಾನವಾಗುತ್ತದೆ. ದೋಚಿದ ವಸ್ತು ‘ಮನ’, ಅದು ಪದದೊಳಗೇ ಕೂತಾಗಿದೆ. ಇನ್ನು ಉಳಿದದ್ದು ಆ ಮನದ ಒಡೆಯರನ್ನು ಹೇಳುವುದು, ಅದಕ್ಕೆ ಷಷ್ಠಿ ಸಾಕು: ಪ್ರೇಕ್ಷಕರ ಮನಸೂರೆಗೊಂಡಿತು. ‘ಪ್ರೇಕ್ಷಕರನ್ನು’ ಎಂದರೆ ಒಂದು ಕ್ರಿಯೆಗೆ ಎರಡು ಕರ್ಮ ತುರುಕಿದ ಹಾಗೆ. ಕೈಹಿಡಿ ಎಂಬಲ್ಲಿ ‘ಅವಳನ್ನು ಕೈಹಿಡಿದ’ ಎಂಬುದು ಮದುವೆಯಾದ ಎಂಬ ಅರ್ಥದಲ್ಲಿ ಒಪ್ಪಿತವಾಗಿದೆ, ಏಕೆಂದರೆ ಅಲ್ಲಿ ಕೈ ಎಂಬ ಅಂಗ ಮರೆತೇಹೋಗಿದೆ. ಇಲ್ಲಿ ಮನ ಮರೆತಿಲ್ಲ.

ಗಮನಿಸಿದ್ದೀರಾ, ಮನಸ್ಸು ಬೇರೆಯವರ ಪಾಲಾಗುವುದನ್ನು ಹೇಳಲು ಕನ್ನಡ ಮತ್ತೆ ಮತ್ತೆ ಯುದ್ಧಭೂಮಿಗೇ ಹೋಗುತ್ತದೆ. ಮನಗೆಲ್ಲು, ಮನಸೋಲು, ವಶವಾಗು, ಸೆರೆಯಾಗು ಎಲ್ಲವೂ ಅಲ್ಲಿಯವೇ. ಸಂಸ್ಕೃತದ ‘ಮನೋಹರ’ವೂ ಬೇರೆಯಲ್ಲ: ಹರಣ, ಅಪಹರಣ ಇವುಗಳಲ್ಲಿರುವ ‘ಹೃ’ ಧಾತುವೇ ಅದರಲ್ಲೂ ಇದೆ. ಮನೋಹರ ಎಂದರೆ ಅಕ್ಷರಶಃ ಮನಸ್ಸನ್ನು ಕದ್ದೊಯ್ಯುವವನು. ಮನೋಹರ ಎಂಬುದನ್ನು ಕನ್ನಡದ ಮಣ್ಣಿನ ಪದಗಳಲ್ಲಿ ಹೇಳಿದರೆ ಸಿಗುವುದೇ ಮನಸೂರೆ. ಆದರೆ ‘ಮನೋಹರ’ ಬಳಸಿ ಬಳಸಿ ನುಣುಪಾಗಿದೆ. ಸೂರೆಯಲ್ಲಿ ಹಳೆಯ ಒರಟುತನ ಇನ್ನೂ ಇದೆ, ಅದಕ್ಕೇ ಅದು ಬಲವಾಗಿ ತಾಗುತ್ತದೆ.

ಈ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ಮನಗೆಲ್ಲಲು ಸಮಯ ಬೇಕು. ತಾಲೂಕು ಆಸ್ಪತ್ರೆಯ ದಾದಿಯೊಬ್ಬರು ವರ್ಷಗಟ್ಟಲೆ ರೋಗಿಗಳೊಂದಿಗೆ ಸಮಾಧಾನದಿಂದ ನಡೆದುಕೊಂಡು ಊರವರ ಮನಗೆದ್ದರು ಎನ್ನಬಹುದು. ಮನಸೂರೆಗೊಂಡರು ಎಂದರೆ ಹೊಂದುವುದಿಲ್ಲ. ಸೂರೆಗೆ ದಾಳಿಯ ರಭಸ ಬೇಕು, ಎದುರಿಗೆ ನೋಡುವ ಕೇಳುವ ಜನ ಬೇಕು. ಮನಸೆಳೆ ಇನ್ನೂ ಹಗುರ. ಮಳೆಗಾಲದಲ್ಲಿ ಮಲ್ಪೆಯ ಕಡಲಿಗೆ ಇಳಿಯಬೇಡಿ, ನೀರಿನ ಸೆಳೆತ ಜಾಸ್ತಿ ಎನ್ನುವಾಗಿನ ಸೆಳೆ ಅದು. ಎಳೆಯುತ್ತದೆ, ಆದರೆ ನೀವು ಇನ್ನೂ ದಡದಲ್ಲಿ ನಿಂತಿರಬಹುದು. ಅಂಗಡಿಯ ಕಿಟಕಿಯಲ್ಲಿಟ್ಟ ಸೀರೆ ಮನಸೆಳೆಯುತ್ತದೆ, ಕಾಪು ದೀಪಸ್ತಂಭದ ಬಳಿಯ ಸೂರ್ಯಾಸ್ತ ಮನಸೂರೆಗೊಳ್ಳುತ್ತದೆ. ಆಕರ್ಷಿಸು ಎಂಬುದೂ ಎಳೆಯುವುದೇ, ಕೃಷಿಯಲ್ಲಿ ನೇಗಿಲು ಎಳೆಯುವ ‘ಕೃಷ್’ ಧಾತುವಿನಿಂದ ಬಂದದ್ದು. ಬಂಡವಾಳವನ್ನೂ ಪ್ರವಾಸಿಗರನ್ನೂ ಆಕರ್ಷಿಸಿ ಆಕರ್ಷಿಸಿ ಅದೀಗ ಕಚೇರಿ ಪದವಾಗಿಬಿಟ್ಟಿದೆ.

ಹೆಚ್ಚು ಎಚ್ಚರ ಬೇಕಾಗುವುದು ಮರುಳು, ಮೋಹ, ಮೋಡಿ ಇವುಗಳ ಹತ್ತಿರ ಬಂದಾಗ.

ಹಳಗನ್ನಡದ ‘ಮರುಳ್’ಗೆ ಪಿಶಾಚಿ ಎಂದೂ ಹುಚ್ಚು ಎಂದೂ ಅರ್ಥ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ತುಳುವಿನಲ್ಲಿ ‘ಮರ್ಲ್’ ಎಂದರೆ ಇವತ್ತಿಗೂ ಹುಚ್ಚು, ‘ಮರ್ಲೆ’ ಎಂದರೆ ಹುಚ್ಚ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬ ಗಾದೆಯಲ್ಲೂ ಇದೇ. ಹಾಗಾಗಿ ಮರುಳು ಮಾಡು ಎಂದಾಗ ಬುದ್ಧಿ ಕೆಡಿಸು ಎಂಬ ನೆರಳು ಜೊತೆಗೇ ಬರುತ್ತದೆ. ಸಂಸ್ಕೃತದ ಕಡೆಯಿಂದ ಬಂದ ಮೋಹ, ಮೋಹಿನಿ, ಮುಗ್ಧ, ಮೂಢ ಇವೆಲ್ಲ ‘ಮುಹ್’ ಎಂಬ ಒಂದೇ ಧಾತುವಿನ ಮಕ್ಕಳು. ದಿಕ್ಕು ತೋಚದಂತಾಗುವುದು ಅದರ ಅರ್ಥ. ಮಂತ್ರಮುಗ್ಧ ಎಂದು ಹೊಗಳುವಾಗಲೂ ಮೂಢನ ಒಡಹುಟ್ಟನ್ನೇ ಬಳಸುತ್ತಿದ್ದೇವೆ.

ದೋಚುವುದು, ಮೋಹಗೊಳಿಸುವುದು ಎರಡೂ ಒಟ್ಟಿಗೆ ಸಿಗುವ ಕಥೆಯೊಂದು ನಮ್ಮ ಯಕ್ಷಗಾನದಲ್ಲಿದೆ. ವಿರಾಟಪರ್ವದ ಉತ್ತರ ಗೋಗ್ರಹಣ. ಕೌರವರು ವಿರಾಟನ ಗೋವುಗಳನ್ನು ಹೊಡೆದುಕೊಂಡು ಹೋಗುತ್ತಾರೆ. ಶಾಸನಗಳ ತುಱುಗೊಳ್ ಎಂದರೆ ಇದೇ. ಉತ್ತರಕುಮಾರ ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಯುದ್ಧಕ್ಕೆ ಹೊರಡುವಾಗ ಉತ್ತರೆ ಕೇಳುತ್ತಾಳೆ, ಗೆದ್ದು ಬರುವಾಗ ನನ್ನ ಬೊಂಬೆಗಳಿಗೆ ಬಣ್ಣ ಬಣ್ಣದ ಬಟ್ಟೆ ತನ್ನಿ ಎಂದು. ರಣದಲ್ಲಿ ಉತ್ತರ ಹೆದರಿ ಓಡುತ್ತಾನೆ, ಬೃಹನ್ನಳೆ ಅರ್ಜುನನಾಗಿ ಬಿಲ್ಲು ಹಿಡಿಯುತ್ತಾನೆ. ಕೊನೆಗೆ ಅರ್ಜುನ ಸಮ್ಮೋಹನಾಸ್ತ್ರ ಬಿಡುತ್ತಾನೆ. ಕೈಯಲ್ಲಿದ್ದ ಆಯುಧ ಜಾರಿ ಕುರುಸೇನೆ ಮೈಮರೆತು ನಿಲ್ಲುತ್ತದೆ. ಪರಿಹಾರ ಬಲ್ಲ ಭೀಷ್ಮನೊಬ್ಬ ಎಚ್ಚರವಾಗಿರುತ್ತಾನೆ, ಅವನ ಹತ್ತಿರ ಹೋಗಬೇಡ ಎಂದು ಅರ್ಜುನ ಮೊದಲೇ ಹೇಳಿರುತ್ತಾನೆ. ಉತ್ತರ ರಥದಿಂದಿಳಿದು ದ್ರೋಣ ಕೃಪರ ಬಿಳಿಯ ವಸ್ತ್ರ, ಕರ್ಣನ ಹಳದಿ, ಅಶ್ವತ್ಥಾಮ ದುರ್ಯೋಧನರ ನೀಲಿ ವಸ್ತ್ರಗಳನ್ನು ತೆಗೆದುಕೊಂಡು ಬರುತ್ತಾನೆ.

ಇಲ್ಲಿ ಎರಡು ಕ್ರಿಯೆಗಳೂ ಬೇರೆ ಬೇರೆಯಾಗಿ ಎದುರಿಗೆ ನಿಲ್ಲುತ್ತವೆ. ಅರ್ಜುನ ಮಾಡಿದ್ದು ಮೋಹ: ಎದುರಿನವರ ಎಚ್ಚರವನ್ನು ಆರಿಸುವುದು. ಉತ್ತರ ಮಾಡಿದ್ದು ಸೂರೆ: ಅವರ ವಸ್ತುವನ್ನು ತನ್ನದಾಗಿಸಿಕೊಳ್ಳುವುದು. ಮರುಳು, ಮೋಹ ಎಂದಾಗ ಒತ್ತು ಬೀಳುವುದು ಕಳೆದುಹೋದ ವಿವೇಕದ ಮೇಲೆ. ಮನಸೂರೆ ಎಂದಾಗ ಒತ್ತು ಬೀಳುವುದು ಮನಸ್ಸು ಯಾರ ವಶವಾಯಿತು ಎಂಬುದರ ಮೇಲೆ. ಅದೇ ಪ್ರಸಂಗ ನೋಡುತ್ತ ಕೂತ ಪ್ರೇಕ್ಷಕ ಕುರುಸೇನೆಯ ಹಾಗೆ ಎಚ್ಚರ ತಪ್ಪಿರುವುದಿಲ್ಲ. ಭಾಗವತರು ತಾಳ ಬದಲಿಸಿದ್ದು ಅವನಿಗೆ ಗೊತ್ತಾಗುತ್ತದೆ, ಉತ್ತರನ ಪಾತ್ರಧಾರಿಯ ಮಾತಿನ ವರಸೆ ತಿಳಿಯುತ್ತದೆ, ಚೆಂಡೆಯ ಮುಕ್ತಾಯಕ್ಕೆ ಅವನ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತದೆ. ಎಚ್ಚರವಾಗಿದ್ದೇ ಅವನು ಮನಸ್ಸನ್ನು ಒಪ್ಪಿಸಿರುತ್ತಾನೆ. ಒಳ್ಳೆಯ ಕಲೆ ನೋಡುಗರನ್ನು ಮರುಳು ಮಾಡುವುದಿಲ್ಲ, ಮನಸೂರೆಗೊಳ್ಳುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಬಳಕೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ ಎಂದು ವೃದ್ಧೆಯನ್ನು ಮರುಳು ಮಾಡಿ ಚಿನ್ನ ದೋಚಿದರು’ ಎಂಬುದು ಸರಿಯಾದ ವಾಕ್ಯ. ಅಲ್ಲಿ ‘ವೃದ್ಧೆಯ ಮನಸೂರೆಗೊಂಡು’ ಎಂದು ಯಾರೂ ಬರೆಯಲಾರರು. ಹುಟ್ಟಿನಲ್ಲಿ ಹಿಂಸೆಯ ಪದವಾದ ಸೂರೆ, ಮನದ ಜೊತೆ ಸೇರಿದಾಗ ಬರೀ ಒಳ್ಳೆಯದಕ್ಕೇ ಮೀಸಲಾಗಿದೆ. ಮೋಡಿ ಈ ಎರಡರ ನಡುವೆ ಓಡಾಡುತ್ತದೆ. ಮೋಡಿ ಎಂದರೆ ಮಾಟ, ಇಂದ್ರಜಾಲ. ಗಾಯಕಿಯ ಕಂಠ ಮೋಡಿ ಮಾಡಬಹುದು, ಚುನಾವಣೆಯ ಭಾಷಣವೂ ಮೋಡಿ ಮಾಡಬಹುದು. ಹೊಗಳಿಕೆಯೋ ಅಲ್ಲವೋ ಎಂಬುದು ಸುತ್ತಲಿನ ವಾಕ್ಯಗಳಿಂದ ತಿಳಿಯಬೇಕು. ಮೋಡಿಗೆ ಬೇಕಾದ್ದು ಚತುರ್ಥಿ: ಕೇಳುಗರಿಗೆ ಮೋಡಿ ಮಾಡಿತು. ಮರುಳು ಮಾಡು ಎಂಬುದಕ್ಕೆ ದ್ವಿತೀಯಾ: ಕೇಳುಗರನ್ನು ಮರುಳು ಮಾಡಿತು. ಮನಸೂರೆಗೆ ಷಷ್ಠಿ ಎಂದು ಆಗಲೇ ಹೇಳಿದೆ. ಬರೆಯುವಾಗ ಮೂರೂ ಕಲಸಿಹೋಗುವುದು ಇಲ್ಲಿಯೇ.

ಸೆರೆ ಮತ್ತು ಸೂರೆಯನ್ನೂ ಕೆಲವರು ಬೆರೆಸುತ್ತಾರೆ, ‘ಮನಸೆರೆಗೊಂಡ’ ಎಂದು ಬರೆದವರಿದ್ದಾರೆ. ಸೆರೆ ಎಂದರೆ ಬಂಧನ. ಸೆರೆಹಿಡಿ ಎಂಬ ಕ್ರಿಯಾಪದ ಈಗ ಹೆಚ್ಚಾಗಿ ಕ್ಯಾಮೆರಾದ ಪಾಲಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಬೇಕು. ಆಡುಮಾತಿನಲ್ಲಿ ಈ ಕ್ರಿಯಾಪದ ಇಲ್ಲ. ಬೆಳಗಿನ ಜಾವ ಕಟೀಲು ಮೇಳದ ಯಕ್ಷಗಾನ ಆಟ ಮುಗಿಸಿ ಬಂದವರನ್ನು ‘ಹೇಗಾಯ್ತು ಆಟ?’ ಎಂದು ಕೇಳಿದರೆ ‘ಭಾರೀ ಲಾಯ್ಕಾಯ್ತು ಮಾರಾಯ್ರೆ, ಕಣ್ಣು ಮುಚ್ಚಲಿಕ್ಕೇ ಬಿಡ್ಲಿಲ್ಲ’ ಎಂದಾರು. ಮನಸೂರೆಗೊಂಡಿತು ಎಂಬುದು ಬರಹದ ಮಾತು, ವೇದಿಕೆಯ ಮಾತು. ಹಾಗಿರುವುದು ತಪ್ಪಲ್ಲ. ಆದರೆ ಬರಹದಲ್ಲಿ ಮಾತ್ರ ಬದುಕುವ ಪದ ಬೇಗ ಸವೆಯುತ್ತದೆ. ಶಾಲಾ ವಾರ್ಷಿಕೋತ್ಸವದ ನೃತ್ಯವೂ ಮನಸೂರೆ, ಫಲಪುಷ್ಪ ಪ್ರದರ್ಶನವೂ ಮನಸೂರೆ, ನಗರಸಭೆ ಹಾಕಿಸಿದ ಬಣ್ಣದ ದೀಪವೂ ಮನಸೂರೆ ಎಂದಾದರೆ ಓದುಗ ಆ ಪದವನ್ನು ನೋಡದೆಯೇ ಮುಂದೆ ಹೋಗುತ್ತಾನೆ. ಹುಲಿವೇಷದ ವರದಿಯಲ್ಲಿ ವೇಷಧಾರಿ ಬಗ್ಗಿ ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಮೇಲಿಂದ ಹಿಂದಕ್ಕೆ ಎಸೆದದ್ದನ್ನು ಬರೆಯಿರಿ, ಎಸೆಯುವ ಮೊದಲು ಒಂದು ಕ್ಷಣ ತಾಸೆಯವರು ಅವನ ಕಡೆ ನೋಡಿದ್ದನ್ನು ಬರೆಯಿರಿ. ಅಷ್ಟು ಬರೆದರೆ ಎಷ್ಟೋ ಸಲ ಈ ಕ್ರಿಯಾಪದದ ಅಗತ್ಯವೇ ಬೀಳುವುದಿಲ್ಲ. ಬಿದ್ದರೂ ಓದುಗನಿಗೆ ಅದು ನಂಬುವಂತಿರುತ್ತದೆ.

ಪ್ರೇಕ್ಷಕರನ್ನೇ ಕರ್ತೃಸ್ಥಾನದಲ್ಲಿ ಇಟ್ಟು ಬರೆಯಬೇಕೆನಿಸಿದರೆ ದಾರಿಗಳಿವೆ. ‘ಪ್ರೇಕ್ಷಕರು ಮನಸೋತರು’, ‘ಮಾರುಹೋದರು’, ‘ಮೈಮರೆತರು’ ಎನ್ನಬಹುದು. ಮನಸೋಲು, ಮಾರುಹೋಗು ಎರಡೂ ಚತುರ್ಥಿ ಕೇಳುತ್ತವೆ: ಕುಣಿತಕ್ಕೆ ಮನಸೋತರು, ಅರ್ಥಗಾರಿಕೆಗೆ ಮಾರುಹೋದರು. ಮೈಮರೆಯಲು ಸಪ್ತಮಿ: ಹಾಡಿನಲ್ಲಿ ಮೈಮರೆತರು. ಸೂರೆಯನ್ನೇ ಉಳಿಸಿಕೊಳ್ಳಬೇಕೆಂದರೆ ‘ಪ್ರೇಕ್ಷಕರ ಮನ ಸೂರೆಹೋಯಿತು’ ಎನ್ನಬಹುದು, ಇಲ್ಲಿ ಕರ್ತೃ ಮನ. ತನ್ನ ಅನುಭವ ಬರೆಯುವವರಿಗೂ ಇದೇ ಅನ್ವಯ. ‘ನಾನು ಮನಸೂರೆಗೊಂಡೆ’ ಎಂದು ಬರೆದರೆ ಅದು ಕಲಾವಿದನ ಬಾಯಲ್ಲಿ ಬರಬೇಕಾದ ಮಾತು, ಅವನೂ ಹೇಳಿಕೊಳ್ಳಲಿಕ್ಕಿಲ್ಲ. ಕೇಳಿದವರು ಬರೆಯಬೇಕಾದ್ದು ‘ನನ್ನ ಮನಸೂರೆಗೊಂಡಿತು’ ಎಂದು.